ಸಿಹಿಯಾಗದ ಹಂಡೆ

ಹಂಡೆಯ ಮುಚ್ಚಳ ಎತ್ತಿದಾಗ ಕೆಟ್ಟ ವಾಸನೆ ಬರಲಿಲ್ಲ. ಒಳ್ಳೆಯ ವಾಸನೆಯೂ ಬರಲಿಲ್ಲ. ಮಾಕ್ಸುನ್ ಅಜ್ಜಿಯ ಪ್ರಕಾರ ಅದೇ ಅಪರಾಧ.

"ನೋಡು, ಕೊಂದು ಹಾಕಿದಾರೆ," ಅಂದಳು ಅಜ್ಜಿ.

ಇನ್ಸ್‌ಪೆಕ್ಟರ್ ತಾಕ್ ಮಾನ್ಶಿಕ್ ಟೋಪಿ ತೆಗೆದು ಬಗ್ಗಿದ. ಫೋನಿನಲ್ಲಿ ಅಜ್ಜಿ "ಕೊಲೆ, ಬೇಗ ಬಾ" ಎಂದಷ್ಟೇ ಹೇಳಿ ರಿಸೀವರ್ ಕುಕ್ಕಿದ್ದಳು. ಸೊಲ್ಮೆ ಊರಿನ ಪುಟ್ಟ ಠಾಣೆಗೆ ಅವನು ಬಂದಂದಿನಿಂದ ಕೊಲೆ ಎಂಬುದೇ ನಡೆದಿರಲಿಲ್ಲ. ಕೋಳಿ ಕಳವು, ಗದ್ದೆಯ ಬದುವಿನ ಜಗಳ, ಕುಡಿದವರ ಹಾಡು, ಇಷ್ಟೇ. ಹಾಗಾಗಿ ತಿಂಡಿಯನ್ನೂ ಬಿಟ್ಟು, ಹಿಮ ಬಿದ್ದ ರಸ್ತೆಯಲ್ಲಿ ಜೀಪು ಜಾರಿಸಿಕೊಂಡು, ಸೈರನ್ ಹಾಕಿಕೊಂಡೇ ಬಂದಿದ್ದ. ಈಗ ನೋಡಿದರೆ ಹೆಣ ಇರಬೇಕಾದಲ್ಲಿ ಅನ್ನ.

ಬೆರಳಿಗೆ ಒಂದಿಷ್ಟು ನೀರು ಹಚ್ಚಿಕೊಂಡು ನೆಕ್ಕಿದ. ಸಪ್ಪೆ. ಗಂಜಿಯ ತಿಳಿಯಷ್ಟೇ ಸಪ್ಪೆ.

ಹೀಗಾಗಬಾರದಿತ್ತು. ಸಂಜೆ ಬೇಯಿಸಿದ ಅಕ್ಕಿಗೆ ಬಾರ್ಲಿ ಮೊಳಕೆಯ ಹಿಟ್ಟನ್ನು ಕಲಸಿ ಹಾಕಿ, ಕೆಂಡದ ಮೇಲೆ ಬೆಚ್ಚಗಿಟ್ಟರೆ ಬೆಳಗಾಗುವುದರೊಳಗೆ ಅನ್ನದ ಸಾರವೆಲ್ಲ ಕರಗಿ ನೀರು ಬಾಯಿಗೆ ಅಂಟುವಷ್ಟು ಸಿಹಿಯಾಗಬೇಕು. ಅದನ್ನು ಹಿಂಡಿ, ಕುದಿಸಿ, ಪಾಕ ಮಾಡಿ, ಇಬ್ಬರು ಎದುರುಬದುರು ಕೂತು ಎಳೆದೆಳೆದು ಬೆಳ್ಳಗೆ ಮಾಡಿದರೆ ಯೋತ್. ಸಕ್ಕರೆಯ ಒಂದು ಕಾಳೂ ಬೀಳದ ಮಿಠಾಯಿ. ಮಾಕ್ಸುನ್ ಅಜ್ಜಿಯ ಯೋತ್ ತಿಂದು ಬೆಳೆದವರಲ್ಲಿ ತಾಕ್ ಕೂಡ ಒಬ್ಬ. ಈಗ ಅವನಿಗೆ ಸಕ್ಕರೆ ಕಾಯಿಲೆ. ಮಿಠಾಯಿಯನ್ನು ಹೆಂಡತಿ ಕನಸಿನಲ್ಲೂ ತಿನ್ನಗೊಡಳು.

"ಹೋದ ವಾರ ಒಂದು ಹಂಡೆ ಕೆಡ್ತು. ಸುಮ್ಮನಿದ್ದೆ. ಇದು ಎರಡನೇದು," ಅಂದಳು ಅಜ್ಜಿ. "ಮೊಮ್ಮಗಳು ಬೋರಾ ಮದುವೆ ಹತ್ರ ಬಂತು. ಬೀಗರ ಮನೆಗೆ ಕಳಿಸೋ ಬುತ್ತೀಲಿ ಯೋತ್ ಇಲ್ಲಾಂದ್ರೆ ಮುಗೀತು. ಆ ಹುಡುಗನ ತಾಯಿ ಬಾಯಿ ನಿನಗೆ ಗೊತ್ತಲ್ಲ?"

ಗೊತ್ತಿತ್ತು. ಸುತ್ತಲ ಊರಿಗೆಲ್ಲ ಗೊತ್ತಿತ್ತು. ಹೆಣ್ಣಿನ ಮನೆಯಿಂದ ಹೋಗುವ ಯೋತ್ ಇರುವುದೇ ಅತ್ತೆಯ ಬಾಯಿಗಾಗಿ. ಅಂಟಿಕೊಂಡ ಬಾಯಿ ಹೊಸ ಸೊಸೆಯನ್ನು ಬೈಯಲಾರದು.

"ಅಂಥ ಬಾಯಿಗೆ ಅಂಗಡಿ ಯೋತ್ ಸಾಕಾಗುತ್ತಾ? ಒಂದು ದಿನಕ್ಕೆ ಕರಗಿ ಹೋಗುತ್ತೆ. ನನ್ನದೇ ಆಗ್ಬೇಕು."

"ಮೊಳಕೆ ಹಿಟ್ಟು ಹಳೇದಿರಬಹುದು, ಅಜ್ಜಿ."

"ಹಳೇದು ನೀನು."

"ಹಂಡೆ ಹೆಚ್ಚು ಬಿಸಿ ಆಗಿದ್ರೆ?"

ಅಜ್ಜಿ ಬಲಗೈಯ ತೋರುಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. "ಬಿಸಿ ಹೆಚ್ಚಾದ್ರೆ ಮೊಳಕೆ ಸಾಯುತ್ತೆ ಅಂತ ನನಗೆ ಹೇಳ್ಕೊಡ್ತೀಯ? ಈ ಮನೆಗೆ ಮದುವೆಯಾಗಿ ಬಂದ ವರ್ಷದಿಂದ ಈ ಬೆರಳು ಅದ್ದಿ ನೋಡ್ತಿದೀನಿ. ಒಂದು ಉಸಿರು ತಡೀಬೇಕು, ಎರಡನೇ ಉಸಿರಿಗೆ ಕೈ ತಾನಾಗೇ ಹೊರಗೆ ಬರಬೇಕು. ಆಗಲೇ ಮೊಳಕೆ ಹಾಕೋದು. ನನ್ನ ಬೆರಳು ಯಾವತ್ತೂ ಸುಳ್ಳು ಹೇಳಿಲ್ಲ. ಹೇಳಿದ ದಿನ ಈ ಹಂಡೆ ಕವುಚಿ ಹಾಕಿ ನಾನೂ ಮಲಗಿಬಿಡ್ತೀನಿ."

ಕೊನೆಯ ಮಾತು ಹೇಳುವಾಗ ಅಜ್ಜಿ ಹಂಡೆಯ ಅಂಚನ್ನು ಸವರಿದಳು. ತಾಕ್‌ಗೆ ಕಸಿವಿಸಿಯಾಯಿತು. ಇದು ತಮಾಷೆಯ ದೂರಲ್ಲ ಎಂದು ಆಗ ಅರ್ಥವಾಯಿತು.

"ಸರಿ. ಯಾರ ಮೇಲೆ ಅನುಮಾನ?"

"ಬುನಿ."

"ಬುನಿ ಅಜ್ಜಿನಾ? ನಿಮ್ಮ ಜೊತೆ ಯೋತ್ ಎಳೆಯೋರು?"

"ಅವಳೇ. ಮೊಮ್ಮಗನಿಗೆ ಬೋರಾನ ಕೇಳಿದ್ದಳು, ನಾವು ಕೊಡಲಿಲ್ಲ. ನಿನ್ನೆ ಸಂಜೆ ನಾನು ಮೊಳಕೆ ಕಲಸೋವಾಗ ಬಂದಳು, ಕೈಯಲ್ಲಿ ವಿನೆಗರ್ ಬಾಟ್ಲಿ. ನಾನು ಸೌದೆ ತರೋಕೆ ಹಿತ್ತಲಿಗೆ ಹೋದೆ. ಅಷ್ಟರಲ್ಲೇ ಬಟ್ಟಲಿಗೆ ಸುರಿದಿದಾಳೆ. ಹೋದ ವಾರವೂ ಬಂದಿದ್ದಳು."

"ಅವರು ಹೋದ ಮೇಲೆ?"

"ಚಿಲಕ ಹಾಕ್ಕೊಂಡು ಒಲೆ ಮುಂದೇನೇ ಮಲಗಿದ್ದೆ. ಇಲಿಯೂ ಬಂದಿಲ್ಲ."

"ಸೊಸೆ?"

"ನಾನ್ಹಿ ಊರಲ್ಲೆಲ್ಲಿದಾಳೆ? ಪಟ್ಟಣಕ್ಕೆ ಹೋಗಿದಾಳೆ, ಮದುಮಗಳ ಹಾಸಿಗೆ ತರೋಕೆ. ಹೋದ ವಾರ ಮದುವೆ ಬಟ್ಟೆ ಅಂತ ಹೋಗಿದ್ದಳು. ಅವಳು ಬರಲಿ ಅಂತ ಕಾಯೋಕಾಗುತ್ತಾ? ಪಂಚಾಂಗದಲ್ಲಿ ಒಳ್ಳೇ ದಿನ ಇದ್ದಿದ್ದೇ ಎರಡು."

ಮಾತಾಡುತ್ತಲೇ ಅಜ್ಜಿ ಕುದಿಯುವ ಕೆಟಲ್ ಎತ್ತಿ ಸ್ಟೀಲ್ ಬಟ್ಟಲಿಗೆ ಬಾರ್ಲಿ ಚಹಾ ಸುರಿದು ಅವನ ಕೈಗಿಟ್ಟಳು. ತಾಕ್ "ಅಯ್ಯಯ್ಯೋ" ಎಂದು ಬಟ್ಟಲನ್ನು ನೆಲಕ್ಕೆ ಬಿಟ್ಟ. ಚಹಾ ಅವನ ಕಾಲುಚೀಲದ ಮೇಲೆಲ್ಲ ಚೆಲ್ಲಿತು.

"ಪೊಲೀಸ್ ಕೈ ಬೆಣ್ಣೆ ಆಗೋಯ್ತು," ಎಂದು ಅಜ್ಜಿ ನಕ್ಕಳು. ಬೆಳಗಿನಿಂದ ಅದೇ ಅವಳ ಮೊದಲ ನಗು.

* * *

ಬುನಿ ಅಜ್ಜಿಯ ಮನೆ ಬೇಲಿಯ ಆಚೆಗೇ. ತಾಕ್ ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಧ್ವನಿ ಬಂತು.

"ನಾನು ಹಾಕಿಲ್ಲ!"

"ನಾನಿನ್ನೂ ಏನೂ ಕೇಳಿಲ್ಲ, ಅಜ್ಜಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಆದರೆ ಸೊಲ್ಮೆಯಲ್ಲಿ ಕಳ್ಳನಲ್ಲದವನೂ ಹೆಗಲು ಮುಟ್ಟಿಕೊಳ್ಳಬೇಕಾಗುತ್ತದೆ. ಮಾಕ್ಸುನ್ ಅಜ್ಜಿಯ ಧ್ವನಿ ಅಷ್ಟು ದೊಡ್ಡದು. ಬೈಗುಳ ಆಗಲೇ ಬೇಲಿ ದಾಟಿ ಬಂದಿತ್ತು.

"ವಿನೆಗರ್ ಯಾಕೆ ತಗೊಂಡು ಹೋಗಿದ್ರಿ?"

"ಮದುವೆ ಅಡುಗೆಗೆ! ನಮ್ಮ ಮರದ ಹಣ್ಣಿಂದು. ಬೇರೆ ಯಾರಿಗೂ ಕೊಡಲ್ಲ ನಾನು." ಬುನಿ ಅಜ್ಜಿಯ ಕಣ್ಣು ಕೆಂಪಗಿತ್ತು. "ಮೊಮ್ಮಗನಿಗೆ ಹೆಣ್ಣು ಕೊಡಲಿಲ್ಲ ಅಂತ ಒಂದು ವಾರ ಮಾತು ಬಿಟ್ಟೆ, ನಿಜ. ಆಮೇಲೆ ಬೇಜಾರಾಯ್ತು. ಅವಳನ್ನ ಬಿಟ್ರೆ ನನಗೆ ಜಗಳ ಆಡೋಕಾದ್ರೂ ಯಾರಿದಾರೆ? ಇಬ್ಬರೂ ಒಂದೇ ಚಳಿಗಾಲದಲ್ಲಿ ಈ ಊರಿಗೆ ಸೊಸೆಯರಾಗಿ ಬಂದೋರು. ಅವಳು ಒಂದು ತುದಿ, ನಾನು ಒಂದು ತುದಿ, ಎಷ್ಟು ಯೋತ್ ಎಳೆದಿದೀವಿ. ಅವಳ ಹಂಡೆಗೆ ಹುಳಿ ಹಾಕಿದ್ರೆ ನನ್ನ ಕೈ ಬಿದ್ದು ಹೋಗಲಿ. ಬರಕೊಳ್ಳಯ್ಯ ಅದನ್ನ."

ತಾಕ್ ಬರೆದುಕೊಳ್ಳಲಿಲ್ಲ. "ಹೋದ ವಾರ, ನಿನ್ನೆ, ಎರಡು ಸಲವೂ ಬೇರೆ ಯಾರನ್ನಾದ್ರೂ ನೋಡಿದ್ರಾ?"

"ಯಾರೂ ಇಲ್ಲ. ನಾನ್ಹಿ ಇದ್ದಿದ್ರೆ ಕೈಯಲ್ಲಿ ಚೆಂಬು ಹಿಡ್ಕೊಂಡು ಅತ್ತೆ ಹಿಂದೆ ಹಿಂದೆ ಓಡಾಡ್ತಿದ್ದಳು. ಅವಳೂ ಇರಲಿಲ್ಲ."

"ಚೆಂಬು ಯಾಕೆ?"

"ಅಡುಗೆಮನೆ ತೊಳೆಯೋಕೆ ಇರಬೇಕು. ನನ್ನನ್ನ ಯಾಕೆ ಕೇಳ್ತೀಯ? ನಾನು ಕಳ್ಳಿ ಅಲ್ವಾ?" ಎಂದು ಅಜ್ಜಿ ಬಾಗಿಲು ಹಾಕಿಕೊಂಡಳು.

ಜೀಪಿನಲ್ಲಿ ಮೂರು ಸಾಕ್ಷಿಗಳಿದ್ದವು. ಹಂಡೆಯ ನೀರು ಒಂದು ಸೀಸೆ, ಅಜ್ಜಿಯ ಚೀಲದ ಮೊಳಕೆ ಹಿಟ್ಟು ಒಂದು ಪೊಟ್ಟಣ, ಮತ್ತು ಬುನಿ ಅಜ್ಜಿ ಅಲ್ಲಿ ಬಿಟ್ಟುಹೋಗಿದ್ದ ವಿನೆಗರ್ ಬಾಟಲಿ. ಮೂರನ್ನೂ ನೋಡಿದಷ್ಟೂ ಅವನಿಗೆ ಏನೂ ಹೊಳೆಯಲಿಲ್ಲ.

* * *

ಅಂದು ಅವನಿಗೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ತಪ್ಪಿಸಿದರೆ ಹೆಂಡತಿಗೆ ಸುದ್ದಿ ಹೋಗುತ್ತದೆ. ಹೋದ.

ಡಾಕ್ಟರ್ ಮಾ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ತೆಗೆದುಕೊಂಡ ಮೇಲೆ ಕಣ್ಣು ಮುಚ್ಚಲು ಹೇಳಿ, ಅವನ ಕಾಲಿಗೆ ಎರಡು ಗಾಜಿನ ನಳಿಗೆಗಳನ್ನು ತಾಗಿಸಿದಳು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು.

"ಇದು?"

"ತಣ್ಣಗೆ."

"ಬಿಸಿ, ಸಾಹೇಬ್ರೆ. ಹೆಬ್ಬೆರಳಿಗೆ ಗೊತ್ತಾಗ್ತಿಲ್ಲ ನಿಮಗೆ. ಸಕ್ಕರೆ ಕಾಯಿಲೆ ನರ ಮಂದ ಮಾಡ್ತಿದೆ."

ತಾಕ್ ಕಣ್ಣು ಬಿಟ್ಟ. ಕಾಲ್ಬೆರಳು ಎಂದಿನ ಹಾಗೇ ಇತ್ತು. ಅವನಿಗೆ ತುಸು ಹೆದರಿಕೆಯಾಯಿತು. ಹೆದರಿಕೆ ತೋರಿಸಬಾರದೆಂದು ಮಾತು ಬದಲಿಸಿ ಹಂಡೆಯ ಕಥೆ ತೆಗೆದ.

ಡಾಕ್ಟರ್‌ಗೆ ಕುತೂಹಲ ಹುಟ್ಟಿತು. "ಅನ್ನದ ಪಿಷ್ಟ ಅಂದ್ರೆ ಸಕ್ಕರೆ ಮಣಿ ಪೋಣಿಸಿದ ಉದ್ದನೆ ಸರ. ಸರ ಆಗಿರೋವರೆಗೆ ನಾಲಿಗೆಗೆ ಸಿಹಿ ಹತ್ತಲ್ಲ. ಮೊಳಕೇಲಿ ಕಿಣ್ವ ಇರುತ್ತೆ, ಅದು ಸರ ಕಡೀತಾ ಹೋಗುತ್ತೆ. ಎಷ್ಟು ಕಡಿದ್ರೂ ತಾನು ಸವೆಯಲ್ಲ, ಮುಂದಿನ ಸರಕ್ಕೆ ಹೋಗುತ್ತೆ. ಅದಕ್ಕೇ ಒಂದು ಹಿಡಿ ಹಿಟ್ಟು ಒಂದು ಹಂಡೆ ಅನ್ನಕ್ಕೆ ಸಾಕಾಗೋದು."

"ಅದು ಎಲ್ಲಾನೂ ಕಡಿಯುತ್ತಾ?"

"ಇಲ್ಲ. ಒಂದೊಂದು ಕಿಣ್ವಕ್ಕೆ ಒಂದೊಂದೇ ಕಸುಬು. ಮಾಂಸ ಮೆತ್ತಗಾಗಲಿ ಅಂತ ನಿಮ್ಮನೇಲಿ ಪೇರ್ ಹಣ್ಣು ತುರಿದು ಹಾಕ್ತಾರಲ್ಲ, ಅದರದ್ದು ಬೇರೆ. ಅದು ಅನ್ನದ ಸುದ್ದಿಗೆ ಬರಲ್ಲ. ಅನ್ನದ್ದು ನಿಮ್ಮ ಎಂಜಲಲ್ಲೂ ಇದೆ. ಬರೀ ಅನ್ನ ಬಾಯಲ್ಲಿ ಅಗೀತಾ ಇರಿ, ಸಿಹಿ ಬರುತ್ತೆ."

ಈ ಮಾತು ತಾಕ್‌ನ ಮನಸ್ಸಿನಲ್ಲಿ ಆಳವಾಗಿ ಇಳಿಯಿತು. ಸಕ್ಕರೆಯಿಲ್ಲದೆ ಸಿಹಿ! ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಅನ್ನಿಸಿತು.

"ಆ ಸಿಹಿಯೂ ಸಕ್ಕರೇನೇ. ಲೆಕ್ಕಕ್ಕೆ ಬರುತ್ತೆ," ಅಂದಳು ಡಾಕ್ಟರ್, ಅವನ ಮುಖ ನೋಡಿ.

"ಹೋಗ್ಲಿ ಬಿಡಿ. ಅದು ಕೆಲಸ ನಿಲ್ಲಿಸೋದು ಯಾವಾಗ?"

"ಚಳಿಗೆ ನಿದ್ದೆ ಮಾಡುತ್ತೆ, ಬೆಚ್ಚಗಾದ್ರೆ ಏಳುತ್ತೆ. ಹುಳಿ ಬಿದ್ರೆ ಕೈಕಾಲು ಕಟ್ಟಿದ ಹಾಗೆ. ಬಿಸಿ ಏರಿದಷ್ಟೂ ಚುರುಕು, ಆದ್ರೆ ಒಂದು ಮಿತಿವರೆಗೆ. ಮಿತಿ ದಾಟಿದ್ರೆ ಅದರ ಆಕಾರವೇ ಕೆಡುತ್ತೆ. ಆಮೇಲೆ ತಣ್ಣಗೆ ಮಾಡಿದ್ರೂ ಬರಲ್ಲ. ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ?"

ತಾಕ್ ಎದ್ದ. ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡಿದ್ದಾನೆಂಬುದು ಬಾಗಿಲ ಹತ್ತಿರ ನೆನಪಾಯಿತು.

* * *

ಠಾಣೆಯಲ್ಲಿ ಅನ್ನದ ಕುಕ್ಕರ್ ಒಂದಿತ್ತು. ಬೆಚ್ಚಗಿಡುವ ಗುಂಡಿ ಒತ್ತಿ, ಅದರೊಳಗೆ ನಾಲ್ಕು ಪುಟ್ಟ ಬಟ್ಟಲು ಇಟ್ಟ. ಒಂದರಲ್ಲಿ ಹಂಡೆಯ ನೀರು, ಅದರ ಅನ್ನ. ಎರಡನೆಯದರಲ್ಲಿ ಹೊಸ ಅನ್ನ, ಅಜ್ಜಿಯ ಚೀಲದ ಮೊಳಕೆ ಹಿಟ್ಟು. ಮೂರನೆಯದರಲ್ಲಿ ಅದೇ ಅನ್ನ, ಅದೇ ಹಿಟ್ಟು, ಬುನಿ ಅಜ್ಜಿಯ ವಿನೆಗರ್. ನಾಲ್ಕನೆಯದಕ್ಕೂ ಅದೇ ಅನ್ನ, ಅದೇ ಹಿಟ್ಟು. ಆದರೆ ಹಿಟ್ಟಿನ ನೀರನ್ನು ಮೊದಲು ಕುದಿಸಿ ಆರಿಸಿದ್ದ.

ಮುಚ್ಚಳ ಹಾಕಿ, ಪಕ್ಕದಲ್ಲೇ ಕೂತು ಬರೀ ಅನ್ನ ಅಗಿಯತೊಡಗಿದ. ಅಗಿದ. ಇನ್ನೂ ಅಗಿದ. ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಸಿಹಿ ಇಣುಕಿತು. ಅವನ ಕಣ್ಣು ತಾನಾಗಿ ಮುಚ್ಚಿತು.

"ಏನ್ರೀ ತಿಂತಿದೀರಾ?"

ಹೆಂಡತಿ ಯೋನ್ಸಿಮ್. ಕೈಯಲ್ಲಿ ಊಟದ ಡಬ್ಬಿ, ಕಣ್ಣಲ್ಲಿ ಅನುಮಾನ. ಪೊಲೀಸ್ ಇಲಾಖೆಗೆ ಸೇರಬೇಕಿದ್ದವಳು ಅವಳೇ.

"ಅನ್ನ. ಬರೀ ಅನ್ನ. ಕರ್ತವ್ಯದ ಮೇಲಿದೀನಿ."

"ಕರ್ತವ್ಯಕ್ಕೆ ಯಾಕೆ ಕಣ್ಣು ಮುಚ್ಚಿದ್ರಿ?"

ವಿವರಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಕೇಳಿ ಮುಗಿಸಿ ಅವಳು ತೋಳು ಮಡಚಿದಳು. "ರುಚಿ ನಾನು ನೋಡ್ತೀನಿ. ನಿಮ್ಮ ನಾಲಿಗೆಗೆ ಈ ಕೇಸಲ್ಲಿ ಕೆಲಸ ಇಲ್ಲ."

ಹೊತ್ತು ಇಳಿಯುವವರೆಗೆ ಇಬ್ಬರೂ ಕುಕ್ಕರಿನ ಮುಂದೆ ಕೂತರು. ಮದುವೆಯಾದ ಹೊಸದರಲ್ಲಿ ಕೂತ ಹಾಗೆ ಅನ್ನಿಸಿತು ತಾಕ್‌ಗೆ. ಆದರೆ ಹೇಳಲಿಲ್ಲ. ಕೊನೆಗೆ ಅವಳು ಚಮಚ ಹಿಡಿದಳು.

"ಎರಡನೇದು... ಅಬ್ಬಾ, ಜೇನು! ಅನ್ನದ ಕಾಳು ಮೇಲೆ ತೇಲಿದೆ, ನೋಡಿ."

"ಹಾಗಾದ್ರೆ ಚೀಲದ ಹಿಟ್ಟಲ್ಲಿ ಜೀವ ಇದೆ. ಮೂರನೇದು?"

ಅವಳ ಮುಖ ಹಿಂಡಿತು. "ಸಿಹಿ ಇಲ್ಲ. ಹುಳಿ, ಬರೀ ಹುಳಿ."

"ಹಂಡೆಯ ನೀರು ಹುಳಿ ಇರಲಿಲ್ಲ. ನಾನೇ ನೆಕ್ಕಿದೀನಿ. ವಿನೆಗರ್ ಬಿದ್ದಿದ್ರೆ ನಾಲಿಗೆಗೆ ಗೊತ್ತಾಗದೆ ಇರಲ್ಲ. ಬುನಿ ಅಜ್ಜಿ ಪಾರಾದ್ರು. ಮೊದಲನೇದು?"

"ಸಪ್ಪೆ."

"ಇಷ್ಟು ಹೊತ್ತು ಬೆಚ್ಚಗಿಟ್ರೂ ಎದ್ದಿಲ್ಲ. ಕೆಂಡ ಆರಿ ನಿದ್ದೆ ಹೋಗಿದ್ದಲ್ಲ ಹಾಗಾದ್ರೆ. ನಾಲ್ಕು?"

ಅವಳು ಅದನ್ನೂ ಮೊದಲನೆಯದನ್ನೂ ಮತ್ತೆ ಮತ್ತೆ ಕುಡಿದು ನೋಡಿದಳು. "ಎರಡೂ ಒಂದೇ. ಕುದಿಸಿ ಕೊಂದದ್ದೇ ಇದು."

ಕೊಲೆಯ ಆಯುಧ ಸಿಕ್ಕಿತ್ತು. ಬಿಸಿ. ಆದರೆ ಚಿಲಕ ಹಾಕಿದ ಅಡುಗೆಮನೆಯಲ್ಲಿ ಬಿಸಿಯ ಪಕ್ಕ ಇದ್ದವಳು ಒಬ್ಬಳೇ, ಸುಳ್ಳು ಹೇಳದ ಬೆರಳಿನವಳು. ಅವನಿಗೆ ತಟ್ಟನೆ ಸ್ಟೀಲ್ ಬಟ್ಟಲು ನೆನಪಾಯಿತು. ತಾನು ಕಿರುಚಿ ಬಿಟ್ಟದ್ದನ್ನು ಅಜ್ಜಿ ಆರಾಮಾಗಿ ಹಿಡಿದುಕೊಂಡಿದ್ದಳು.

ಅವನು ಬಗ್ಗಿ ತನ್ನ ಬೂಟಿನೊಳಗಿನ ಹೆಬ್ಬೆರಳನ್ನು ಅಲ್ಲಾಡಿಸಿ ನೋಡಿದ.

* * *

ಮರುದಿನ ಬೆಳಗಿನ ಬಸ್ಸಿಗೆ ನಾನ್ಹಿ ಇಳಿದಳು. ತಲೆಯ ಮೇಲೆ ರೇಷ್ಮೆ ಹಾಸಿಗೆಯ ಗಂಟು. ತಾಕ್ ಗಂಟನ್ನು ತೆಗೆದು ಜೀಪಿಗೆ ಹಾಕಿದ.

"ಏನಣ್ಣ, ಪೊಲೀಸ್ ಮರ್ಯಾದೆ?"

"ನಿಮ್ಮತ್ತೆ ನಿಮಗೆ ಕಾಯಲಿಲ್ಲ. ಒಲೆ ಹಚ್ಚಿದ್ರು. ಹಂಡೆ ಮತ್ತೆ ಕೆಡ್ತು."

ನಾನ್ಹಿಯ ಮುಖದ ಬಣ್ಣ ಇಳಿಯಿತು. ಹೇಗೆ ಎಂದು ಕೇಳಲಿಲ್ಲ. ಯಾರು ಎಂದೂ ಕೇಳಲಿಲ್ಲ.

"ಬುನಿ ಅಜ್ಜೀನೇ ಮಾಡಿದ್ದು ಅಂತಿದಾರೆ. ಬೇಲಿ ಎರಡೂ ಕಡೆ ಅಳು," ಅಂದ ತಾಕ್.

"ಅಯ್ಯೋ, ಪಾಪ. ಅಲ್ಲ ಅಣ್ಣ. ನಾನೇ ಮಾಡಿದ್ದು. ಕೇಸ್ ಹಾಕ್ಕೊಳಿ."

"ಪಟ್ಟಣದಲ್ಲಿ ಕೂತ್ಕೊಂಡು?"

"ಹೆಂಗೋ ಮಾಡಿದೆ. ನನಗೆ ಬೇಕಿದ್ದಿದ್ದು ಅವರು ಕೆಲಸ ಬಿಡ್ಲಿ ಅಂತ. ಬರಕೊಳಿ, ನಾನು ಸಹಿ ಹಾಕ್ತೀನಿ. ಬೇರೆ ಏನೂ ಹುಡುಕಬೇಡಿ." ಅವಳ ಕಣ್ಣು ತುಂಬಿತು. "ದಮ್ಮಯ್ಯ, ಹುಡುಕಬೇಡಿ."

ತಾಕ್ ಜೀಪು ಹತ್ತಿದ. ಎಲ್ಲ ಕೇಸಿನಲ್ಲೂ ಅಪರಾಧಿ ಇದ್ದಾಗ ಕೆಡುತ್ತದೆ. ಇಲ್ಲಿ ಮಾತ್ರ ಒಬ್ಬಳು ಇಲ್ಲದಾಗ ಕೆಟ್ಟಿತ್ತು, ಎರಡೂ ಸಲ. ಅವಳು ಮನೆಯಲ್ಲಿದ್ದಷ್ಟು ದಿನ ಏನು ಮಾಡುತ್ತಿದ್ದಳು ಎಂಬುದೇ ಪ್ರಶ್ನೆ. ಮತ್ತು ಆ ಚೆಂಬು.

ಹೇಳದೆ ಬಿಟ್ಟುಬಿಡಲೇ ಅನ್ನಿಸಿತು. ಬಿಟ್ಟರೆ ಬುನಿ ಅಜ್ಜಿ ಕಳ್ಳಿಯಾಗಿಯೇ ಉಳಿಯುತ್ತಾಳೆ. ಹೇಳಿದರೆ ಮಾಕ್ಸುನ್ ಅಜ್ಜಿ ಹಂಡೆ ಕವುಚುತ್ತಾಳೆ.

* * *

"ಇವತ್ತು ಪಂಚಾಂಗದಲ್ಲಿ ದಿನ ಚೆನ್ನಾಗಿಲ್ಲ," ಅಂದಳು ಮಾಕ್ಸುನ್ ಅಜ್ಜಿ.

"ಕಳ್ಳ ಹಿಡಿಯೋಕೆ ಎಲ್ಲಾ ದಿನವೂ ಚೆನ್ನಾಗಿರುತ್ತೆ, ಅಜ್ಜಿ. ಒಲೆ ಹಚ್ಚಿ. ಎಲ್ಲರೂ ಇಲ್ಲೇ ಇರಲಿ."

ಎಲ್ಲರೂ ಇದ್ದರು. ಬುನಿ ಅಜ್ಜಿ ಮುಖ ತಿರುಗಿಸಿ ಹೊಸ್ತಿಲ ಮೇಲೆ ಕೂತಿದ್ದಳು. ನಾನ್ಹಿ ಮೂಲೆಯಲ್ಲಿ, ಕೈಯಲ್ಲಿ ತಣ್ಣೀರಿನ ಚೆಂಬು. ತಾಕ್ ನಡೆದು ಹೋಗಿ ಅವಳ ಪಕ್ಕ ನಿಂತ.

ಹಂಡೆಯಲ್ಲಿ ನೀರು, ಬೇಯಿಸಿದ ಅನ್ನ. ಕೆಳಗೆ ಬೆಂಕಿ. ಆವಿ ಏಳತೊಡಗಿತು. ಅಜ್ಜಿ ಬೆರಳು ಅದ್ದಿದಳು. ತಲೆ ಅಲ್ಲಾಡಿಸಿದಳು. ಇನ್ನೊಂದು ಕಟ್ಟಿಗೆ ಹಾಕಿದಳು. ಮತ್ತೆ ಅದ್ದಿದಳು. ನಾನ್ಹಿ ಒಂದು ಹೆಜ್ಜೆ ಮುಂದಿಟ್ಟಳು. ತಾಕ್ ಮೆಲ್ಲಗೆ ಅವಳ ಮಣಿಕಟ್ಟು ಹಿಡಿದ.

"ಬಿಡಿ ಅಣ್ಣ," ಎಂದು ಅವಳು ಪಿಸುಗುಟ್ಟಿದಳು.

ಅವನು ಬಿಡಲಿಲ್ಲ.

"ಈಗ ಸರಿ," ಅಂದಳು ಮಾಕ್ಸುನ್ ಅಜ್ಜಿ. ಬೆರಳು ಹೊರಗೆ ತೆಗೆದು ಮೊಳಕೆಯ ಬಟ್ಟಲಿಗೆ ಕೈ ಚಾಚಿದಳು.

"ನಿಲ್ಲಿ, ಅಜ್ಜಿ. ಬುನಿ ಅಜ್ಜಿ, ನೀವೂ ಒಂದ್ಸಲ ಬೆರಳು ಅದ್ದಿ ನೋಡಿ."

"ನಾನ್ಯಾಕೆ? ಆಮೇಲೆ ನಾನೇ ಮುಟ್ಟಿ ಕೆಡಿಸಿದೆ ಅಂತಾಳೆ." ಆದರೂ ಎದ್ದು ಬಂದಳು. ನೀರಿಗೆ ಬೆರಳು ತಾಗಿಸಿದ್ದೇ ತಡ, ಕಿರುಚಿ ಹಿಂದಕ್ಕೆ ಹಾರಿದಳು. "ಸತ್ತೆ! ಇದೇನೇ ಮಾಕ್ಸುನ್, ಹಂದಿ ಬೇಯಿಸ್ತೀಯ?"

ಮಾಕ್ಸುನ್ ಅಜ್ಜಿ ಬುನಿಯ ಕೆಂಪಾದ ಬೆರಳು ನೋಡಿದಳು. ಆಮೇಲೆ ತನ್ನ ಬೆರಳು ನೋಡಿದಳು. ಅದು ಇನ್ನೂ ಹೆಚ್ಚು ಕೆಂಪಗಿತ್ತು. ತುದಿಯಲ್ಲಿ ಒಂದು ಗುಳ್ಳೆ ಎದ್ದಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ತಾಕ್ ನೆಲದ ಮೇಲೆ ಅವಳ ಎದುರಿಗೆ ಕೂತ. "ಹುಳಿ ಅಲ್ಲ ಅಜ್ಜಿ, ನೀರು ಹುಳಿಯಾಗಿರಲಿಲ್ಲ. ಚಳಿಯೂ ಅಲ್ಲ, ಬೆಚ್ಚಗಿಟ್ರೂ ಏಳಲಿಲ್ಲ. ಹಿಟ್ಟು ಚೆನ್ನಾಗೇ ಇದೆ, ನನ್ನ ಕುಕ್ಕರಲ್ಲಿ ಜೇನಾಯ್ತು. ಉಳಿದಿದ್ದು ಬಿಸಿ ಒಂದೇ. ಆ ಹೊತ್ತಲ್ಲಿ ಒಳಗಿದ್ದೋರು ನೀವೊಬ್ಬರೇ. ನಿನ್ನೆ ನೀವು ಕೊಟ್ಟ ಬಟ್ಟಲು ನನ್ನ ಕೈ ಸುಡ್ತು, ನಿಮ್ಮ ಕೈ ಸುಡಲಿಲ್ಲ. ಕಳ್ಳ ನಿಮ್ಮ ಬೆರಳಲ್ಲಿ ಕೂತಿದಾನೆ. ನನ್ನ ಕಾಲಲ್ಲೂ ಕೂತಿದಾನೆ. ನಿನ್ನೆ ಡಾಕ್ಟರ್ ಹೇಳಿದ್ರು. ನೋವಿಲ್ಲದೆ ಬರ್ತಾನೆ."

"ಸುಳ್ಳು," ಅಂದಳು ಅಜ್ಜಿ. "ಹೋದ ಚಳಿಗಾಲ ಚೆನ್ನಾಗಿತ್ತಲ್ಲ? ಅದರ ಹಿಂದಿನದೂ?"

"ಆಗ ನಾನ್ಹಿ ಇದ್ದಳು," ಅಂದ ತಾಕ್.

ನಾನ್ಹಿ ಚೆಂಬು ಕೆಳಗಿಟ್ಟು ಮೊಣಕಾಲೂರಿದಳು. "ನೀವು ಮೊಳಕೆ ಬಟ್ಟಲು ತರೋಕೆ ತಿರುಗಿದಾಗ... ನಾನು ತಣ್ಣೀರು ಹಾಕ್ತಿದ್ದೆ ಅತ್ತೆ. ನನ್ನ ಕೈ ಅದ್ದಿ ನೋಡಿ. ಒಂದು ಉಸಿರು, ಎರಡನೇ ಉಸಿರಿಗೆ ಹೊರಗೆ. ನೀವೇ ಹೇಳ್ಕೊಟ್ಟಿದ್ದು."

"ಎಷ್ಟು ದಿನದಿಂದ?"

"ಮಾವ ತೀರಿಕೊಂಡ ವರ್ಷದಿಂದ."

ಬುನಿ ಅಜ್ಜಿ ಎರಡೂ ಕೈ ಬಾಯಿಗೆ ಅಡ್ಡ ಹಿಡಿದಳು. ತಾಕ್ ಹಂಡೆಯನ್ನೇ ನೋಡುತ್ತಿದ್ದ. ಈಗ ಕವುಚುತ್ತಾಳೆ ಅಂದುಕೊಂಡ.

"ನನ್ನ ಹಂಡೆಗೆ," ಅಂದಳು ಅಜ್ಜಿ ನಿಧಾನವಾಗಿ, "ನನ್ನನ್ನ ಕೇಳದೆ ನೀರು ಹಾಕಿದೆ."

"ಹೂಂ, ಅತ್ತೆ."

"ಇಷ್ಟು ವರ್ಷ ಆ ಯೋತ್ ತಗೊಂಡು ಹೋಗಿ ಊರೂರಲ್ಲಿ ಜಂಬ ಪಟ್ಟೆನಲ್ಲ. ನನ್ನ ಬೆರಳು ಅಂತ. ನೀನು ಪಕ್ಕದಲ್ಲೇ ನಿಂತು ಕೇಳ್ತಿದ್ದೆಯಲ್ಲೇ."

"ನಿಮ್ಮ ಬೆರಳೇ ಅತ್ತೆ. ಹೇಳ್ಕೊಟ್ಟಿದ್ದು ನೀವೇ."

ಅಜ್ಜಿ ಕೈ ಚಾಚಿ ನಾನ್ಹಿಯ ಬಲಗೈ ಹಿಡಿದು ಹಂಡೆಯ ಹತ್ತಿರ ಎಳೆದಳು. ಇನ್ನೊಂದು ಕೈಯಿಂದ ಚೆಂಬು ಎತ್ತಿ ತಣ್ಣೀರು ಸುರಿದಳು. "ಅದ್ದು. ಸುಡ್ತಾ?"

"ಸುಡ್ತು."

ಇನ್ನಷ್ಟು ಸುರಿದಳು. "ಈಗ?"

ನಾನ್ಹಿ ಒಂದು ಉಸಿರು ಎಳೆದಳು. ಎರಡನೆಯದಕ್ಕೆ ಕೈ ತಾನಾಗಿ ಹೊರಗೆ ಬಂತು. ಅಳುತ್ತಲೇ ತಲೆಯಾಡಿಸಿದಳು.

"ಹಾಗಾದ್ರೆ ಮೊಳಕೆ ಹಾಕು. ನಿಂತ್ಕೊಂಡು ಏನು ನೋಡ್ತೀಯ, ಸೋಮಾರಿ." ಅಜ್ಜಿ ಹೊಸ್ತಿಲ ಕಡೆ ತಿರುಗಿದಳು. "ನೀನೂ ಅಷ್ಟೇ ಬುನಿ. ನಾಳೆ ಎಳೆಯೋಕೆ ಬೇಗ ಬಾ. ಮತ್ತೆ... ವಿನೆಗರ್ ಚೆನ್ನಾಗಿದೆ ನಿಂದು."

"ಅಷ್ಟೇನಾ?" ಅಂದಳು ಬುನಿ.

"ತಪ್ಪಾಯ್ತು ಅಂದೆನಲ್ಲ."

"ಎಲ್ಲಿ ಅಂದೆ?"

"ಈಗ ಅಂದೆ. ಕಿವಿ ಹೋಯ್ತಾ ನಿಂಗೆ? ನಂದು ಬೆರಳು, ನಿಂದು ಕಿವಿ, ಇವನದು ಕಾಲು. ಒಬ್ಬರಾದ್ರೂ ನೆಟ್ಟಗಿದೀವಾ ಇಲ್ಲಿ!"

* * *

ಬುತ್ತಿ ಕಟ್ಟುವ ದಿನ ತಾಕ್ ದಂಪತಿ ಬಂದರು. ಡಾಕ್ಟರ್ ಮಾ ಬಂದಿರಲಿಲ್ಲ, ಅದೂ ಒಳ್ಳೆಯದೇ ಆಯಿತು. ಅಜ್ಜಿಯ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಪರೀಕ್ಷೆಯಾಗಿ, ಇನ್ನು ಮೇಲೆ ಸಿಹಿ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು.

ಯೋತ್ ಬೆಳ್ಳಗೆ, ಹಗುರಾಗಿ ಬಂದಿತ್ತು. ಮುರಿದರೆ ಒಳಗೆಲ್ಲ ಗಾಳಿಯ ತೂತು. ಬುನಿ ಅಜ್ಜಿ ಒಂದೊಂದೇ ತುಂಡನ್ನು ಹಿಟ್ಟಿನಲ್ಲಿ ಹೊರಳಿಸಿ ಕೆಂಪು ಬಟ್ಟೆಯ ಮೇಲೆ ಜೋಡಿಸುತ್ತಿದ್ದಳು. "ಆ ಬೀಗತಿ ಬಾಯಿ ವರ್ಷಾನುಗಟ್ಟಲೆ ಬಿಚ್ಚಲ್ಲ," ಎಂದು ನಕ್ಕಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ತಾಕ್‌ನ ನಾಲಿಗೆಯ ತುದಿಗೆ ಬಂದಿತ್ತು. ಮಾಕ್ಸುನ್ ಅಜ್ಜಿಯ ಮುಖ ನೋಡಿ ನುಂಗಿಕೊಂಡ. ಅವಳು ಗಂಟು ಕಟ್ಟಗೊಡದೆ ಕೂತಿದ್ದಳು.

"ನಾನ್ಹಿ ಈ ಮನೆಗೆ ಬಂದಾಗ ಅವಳಿಗೆ ತಾಯಿ ಇರಲಿಲ್ಲ," ಅಂದಳು ಅಜ್ಜಿ, ಯಾರಿಗೂ ಅಲ್ಲದ ಹಾಗೆ. "ಯೋತ್ ಮಾಡಿ ಕಳಿಸೋರು ಯಾರೂ ಇರಲಿಲ್ಲ. ಒಂದು ತುಂಡೂ ಬರಲಿಲ್ಲ ಈ ಮನೆಗೆ."

"ಅತ್ತೆ, ಈಗ್ಯಾಕೆ ಅದೆಲ್ಲ?"

"ಅದಕ್ಕೇ ಈ ಬಾಯಿ ಇಷ್ಟು ವರ್ಷ ತೆಗೆದೇ ಇತ್ತು. ಉಪ್ಪು ಹೆಚ್ಚಾಯ್ತು ಅಂದೆ, ನಡಿಗೆ ನಿಧಾನ ಅಂದೆ, ತಾಯಿ ಏನೂ ಕಲಿಸಿಲ್ಲ ಅಂತಾನೂ ಅಂದೆ. ಇವಳು ನೀರಿನ ಚೆಂಬು ಹಿಡ್ಕೊಂಡು ಸುಮ್ಮನೆ ನಿಂತಿದ್ದಳು."

ಅಜ್ಜಿ ಬಟ್ಟೆಯ ಮೇಲಿನ ಸಾಲಿನಿಂದ ಎಲ್ಲಕ್ಕಿಂತ ದಪ್ಪ ತುಂಡನ್ನು ಆರಿಸಿದಳು. ಯೋನ್ಸಿಮ್ "ಅಜ್ಜಿ, ಡಾಕ್ಟರು..." ಎಂದು ಬಾಯಿ ತೆರೆದಳು. ತಾಕ್ ಹೆಂಡತಿಯ ಮೊಣಕೈ ಒತ್ತಿದ.

"ಇದು ನಿನ್ನ ತಾಯಿ ಕಳಿಸಿದ್ದು ಅಂದ್ಕೋ," ಎಂದು ಅಜ್ಜಿ ಸೊಸೆಗೆ ಹೇಳಿದಳು. "ತಡವಾಗಿ ಬಂತು, ಅಷ್ಟೇ."

ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡು ಹಲ್ಲು ಬಿಗಿದಳು. ನಾನ್ಹಿ ಅತ್ತೆಯ ಕೈ ಹಿಡಿದುಕೊಂಡು ಏನೋ ಕೇಳಿದಳು. ಅಜ್ಜಿಯ ಬಾಯಿ ಅಂಟಿಕೊಂಡಿತ್ತು. ಉತ್ತರ ಕೊಡಲಾಗದೆ ಅವಳು ಬರೀ ತಲೆಯಾಡಿಸಿದಳು.